ಒಲೆ ಅಂದಲ್ಲಿಗೆ ನಿಂತ ಹಾಡು

ಮುಳಬಾಗಿಲಿನ ಸೀತಾರಾಮಯ್ಯನವರಿಗೆ ಇಂಟರ್‌ನೆಟ್ ಅಂದರೆ ಏನು ಅಂತ ನೆಟ್ಟಗೆ ಗೊತ್ತಿರಲಿಲ್ಲ. ಆದರೆ ಅದರ ಮೇಲೆ ಅವರಿಗಿದ್ದಷ್ಟು ಸಿಟ್ಟು ಇಡೀ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಇರಲಿಕ್ಕಿಲ್ಲ. ಖಜಾನೆಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ರಿಟೈರಾದ ಮನುಷ್ಯ. ಯಾವ ಕಾಗದದಲ್ಲೂ ಒಂದು ಸೊನ್ನೆ ಆಚೀಚೆ ಆಗೋಕೆ ಬಿಟ್ಟವರಲ್ಲ, ಬೀದಿಯಲ್ಲಿ ದನಿ ಎತ್ತರಿಸಿ ಮಾತಾಡಿದವರೂ ಅಲ್ಲ. ಅಂಥವರು 2008ರ ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಆಟೋಗೆ ಅಡ್ಡ ನಿಂತು, "ಲೇ, ಆ ಹಾಡು ನಿಲ್ಲಿಸೋ! ಅದು ಕದ್ದ ಮಾಲು ಕಣೋ!" ಅಂತ ಕೂಗಾಡಿದರು ಅಂದರೆ, ನೋಡಿದವರು ನಗದೆ ಇರುತ್ತಾರೆಯೇ?

ಆಟೋದ ಕದಿರೇಶ ಕಕ್ಕಾಬಿಕ್ಕಿಯಾದ. "ಏನ್ ಸಾಮಿ ಹಿಂಗಂತೀರಾ? ದೇವ್ರ ಹಾಡು. ಅದೂ ನಿಮ್ಮ ಮನೆ ಅಮ್ಮಾರ ದನಿ!"

"ಅದಕ್ಕೇ ನಿಲ್ಲಿಸು ಅಂದಿದ್ದು!"

ಕದಿರೇಶ ಗುಂಡಿ ಹುಡುಕುವಷ್ಟರಲ್ಲಿ ಹಾಡು ನಾಲ್ಕನೇ ಚರಣ ಮುಗಿಸಿತ್ತು. ಐದನೇ ಚರಣ "ಒಲೆ" ಅಂತ ಬಾಯಿ ತೆರೆದದ್ದೇ ತಡ, ಟಕ್ ಅಂತ ನಿಂತು ಹೋಯಿತು.

"ಇದೊಂದು ಹಾಡು ಯಾಕೋ ಒಲೆಗೇ ನಿಂತೋಗುತ್ತೆ ಸಾಮಿ," ಅಂದ ಕದಿರೇಶ.

ಸೀತಾರಾಮಯ್ಯನವರು ಅತ್ತ ಇತ್ತ ನೋಡಿ, ತರಕಾರಿ ಚೀಲ ಎತ್ತಿಕೊಂಡು ಸರಸರ ಮನೆಯ ಕಡೆ ನಡೆದರು. ಮುದುಕರು ನ್ಯಾಯಕ್ಕಾಗಿ ಬಡಿದಾಡುತ್ತಿದ್ದಾರೆ ಅಂತ ಜನ ಅಂದುಕೊಂಡರು. ಅಂದುಕೊಳ್ಳಲಿ ಬಿಡಿ, ನಿಜ ಸಂಗತಿ ನಾನು ಹೇಳುತ್ತೇನೆ. ಅದಕ್ಕೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು.

1997ರಲ್ಲಿ ಅವರ ಮಗಳು ಸುಮೇಧಾಳ ಮದುವೆ. ಆಗ ನಮ್ಮ ಕಡೆ ಹೊಸದೊಂದು ಷೋಕಿ ಶುರುವಾಗಿತ್ತು. ಮದುವೆಗೆ ಬಂದವರಿಗೆ ಕೊಡುವ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಒಂದು ಭಕ್ತಿಗೀತೆ ಕ್ಯಾಸೆಟ್ಟು ಇಡೋದು. ಬೇರೆಯವರು ಅಂಗಡಿಯಿಂದ ತಂದರೆ, ಸೀತಾರಾಮಯ್ಯನವರು "ನಮ್ಮ ಮನೇಲೇ ಹಾಡೋರಿರುವಾಗ ಅಂಗಡಿಗೆ ಯಾಕೆ ಹೋಗಬೇಕು?" ಅಂದರು. ಅವರ ಹೆಂಡತಿ ತುಳಸಮ್ಮ ಇಪ್ಪತ್ತು ವರ್ಷದಿಂದ ಶುಕ್ರವಾರದ ಭಜನೆ ನಡೆಸಿಕೊಂಡು ಬಂದವರು. ಹಾಡೋದಷ್ಟೇ ಅಲ್ಲ, ಸ್ವಂತವಾಗಿ ಕಟ್ಟುತ್ತಲೂ ಇದ್ದರು.

ಅವುಗಳಲ್ಲೆಲ್ಲ ಚೆಂದದ್ದು ಅಂದರೆ ರಾಮನನ್ನು ಎಬ್ಬಿಸುವ ಹಾಡು:

ಏಳೋ ರಾಮಯ್ಯ ಎಳೆಬಿಸಿಲಾಯ್ತು
ಹಾಲಿನ ಚೊಂಬು ಹೊಸಿಲಿಗೆ ಬಂತು

ಇದರ ಮಟ್ಟು ಸೀತಾರಾಮಯ್ಯನವರ ತಾಯಿ ಭಾರತಮ್ಮ ಬೆಳಗಿನ ಕೆಲಸ ಮಾಡುತ್ತ ಗುನುಗುತ್ತಿದ್ದದ್ದು. ಆ ಗುನುಗಿಗೆ ಮಾತು ಇರಲಿಲ್ಲ, ತುಳಸಮ್ಮ ಕೂಡಿಸಿದರು. ನಾಲ್ಕು ಚರಣ ಆಗಿತ್ತು, ಆದರೆ ಅಂಕಿತ ಬಂದಿರಲಿಲ್ಲ. ಕೊನೆಯ ಚರಣದಲ್ಲಿ ಕಟ್ಟಿದವರ ಗುರುತು ಬರುತ್ತದಲ್ಲ, ಅದೇ ಅಂಕಿತ. ತುಳಸಮ್ಮನ ಹಾಡುಗಳೆಲ್ಲ, ಮುಳಬಾಗಿಲಿನ ಹಳೇ ಹೆಸರು ಸೇರಿಸಿ, "ಮೂಡಲಬಾಗಿಲ ರಾಮ" ಅಂತ ಮುಗಿಯುತ್ತಿದ್ದವು. ಭಜನೆಗೆ ಬರುವ ಹೆಂಗಸರಿಗೆ ಅವರು ಮೊದಲ ದಿನವೇ ಹೇಳುವ ಮಾತು ಒಂದೇ: "ಹಾಡು ಯಾರು ಬೇಕಾದ್ರೂ ಹಾಡಿ, ಎಲ್ಲಿ ಬೇಕಾದ್ರೂ ಹಾಡಿ, ನನ್ನ ಕೇಳಬೇಡಿ. ಕೊನೇ ಚರಣ ಮಾತ್ರ ಬಿಡಬೇಡಿ. ಅದು ಬಿಟ್ರೆ ಕದ್ದ ಹಾಗೆ." ಎಬ್ಬಿಸುವ ಹಾಡಿಗೆ ಅಂಕಿತ ಯಾವಾಗ ಅಂತ ಕೇಳಿದರೆ, "ಬರುವಾಗ ಬರುತ್ತೆ" ಅನ್ನುತ್ತಿದ್ದರು. ಹೀಗಿರುವಾಗ ಮದುವೆಗೆ ನಾಲ್ಕು ತಿಂಗಳಿದೆ ಅನ್ನುವಾಗ ಭಾರತಮ್ಮ ತೀರಿಕೊಂಡರು.

ರೆಕಾರ್ಡಿಂಗು ಮನೆಯ ನಡುಮನೆಯಲ್ಲೇ. ಕೋಲಾರದ ಸ್ನೇಹಿತರೊಬ್ಬರ ಹತ್ತಿರ ಒಳ್ಳೇ ಟೇಪ್ ರೆಕಾರ್ಡರು ಒಂದೇ ದಿನಕ್ಕೆ ಎರವಲು ತಂದದ್ದಾಯಿತು. ಸೀತಾರಾಮಯ್ಯನವರದು ಎಲ್ಲಾ ಲೆಕ್ಕಾಚಾರದ ಕೆಲಸ. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದೊಂದು ಮಗ್ಗುಲಿಗೆ ಆರು ಹಾಡು. ಹಿಂದಿನ ದಿನವೇ ಹೆಂಡತಿಯಿಂದ ಎಲ್ಲಾ ಹಾಡಿಸಿ, ಕೈಗಡಿಯಾರ ಹಿಡಿದು ಅಳೆದು, "ಎರಡನೇ ಮಗ್ಗುಲಲ್ಲಿ ಅರ್ಧ ನಿಮಿಷ ಮಿಗುತ್ತೆ ಕಣೇ" ಅಂತ ಬೀಗಿದ್ದರು.

ಬೆಳಗ್ಗೆ ಶುರು ಮಾಡಿ ಹನ್ನೊಂದು ಹಾಡು ಮುಗೀತು. ಹನ್ನೆರಡನೆಯದೇ ಎಬ್ಬಿಸುವ ಹಾಡು. ತುಳಸಮ್ಮ ಕಣ್ಣು ಮುಚ್ಚಿ, ಹಿಂದಿನ ದಿನಕ್ಕಿಂತ ತುಸು ನಿಧಾನವಾಗಿಯೇ ಹಾಡಿದರು. ನಾಲ್ಕನೇ ಚರಣ ಆಯಿತು. ಸೀತಾರಾಮಯ್ಯನವರು ಇನ್ನೇನು ಗುಂಡಿ ಒತ್ತಬೇಕು, ಹೆಂಡತಿ ನಿಲ್ಲಿಸಲೇ ಇಲ್ಲ! "ಒಲೆ" ಅಂತ ಐದನೇ ಚರಣ ಎತ್ತಿಕೊಂಡರು. ಆವತ್ತು ಬೆಳಗಿನ ಜಾವ ಅವರಿಗೆ ಅಂಕಿತ ಕೂಡಿಬಂದಿತ್ತು, ಗಂಡನಿಗೆ ಹೇಳಿರಲಿಲ್ಲ. ಆ ಒಲೆಯ ಹಿಂದೆಯೇ ಟಕ್ ಅಂತ ಟೇಪು ಮುಗಿದು ಗುಂಡಿ ಮೇಲೆದ್ದಿತು.

ಸೀತಾರಾಮಯ್ಯನವರ ಕಿವಿಗೆ ಬಿದ್ದದ್ದು ಆ ಟಕ್ ಒಂದೇ. ತುಳಸಮ್ಮ ಮುಂದೇನು ಹಾಡಿದರೋ ದೇವರಾಣೆ ಅವರಿಗೆ ಗೊತ್ತಾಗಲಿಲ್ಲ. ಹಾಡು ಮುಗಿಸಿ ಹೆಂಡತಿ ಕಣ್ಣು ತೆರೆದಾಗ ಕಣ್ತುಂಬ ನೀರಿತ್ತು.

"ಪೂರ್ತಿ ಬಂತೇನ್ರೀ?" ಅಂದರು ತುಳಸಮ್ಮ.

ಟೇಪ್ ರೆಕಾರ್ಡರು ಮಧ್ಯಾಹ್ನವೇ ವಾಪಸು ಕೊಡಬೇಕು. ಮದುವೆಗೆ ಒಂಬತ್ತು ದಿನ. ಹೆಂಡತಿಯ ಗಂಟಲು ಕಟ್ಟಿಕೊಂಡಿದೆ, ಕಣ್ಣಲ್ಲಿ ನೋಡಿದರೆ ಆ ನೀರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಬಂತು ಕಣೇ," ಅಂದುಬಿಟ್ಟರು ಸೀತಾರಾಮಯ್ಯ.

ಇನ್ನೂರು ಪ್ರತಿ ಮಾಡಿಸಿ ಇನ್ನೂರು ಚೀಲಕ್ಕೆ ಹಾಕಿದರು. ತುಳಸಮ್ಮನಿಗೆ ತಮ್ಮ ದನಿ ತಾವೇ ಕೇಳೋದು ಅಂದರೆ ಮುಜುಗರ, ಕ್ಯಾಸೆಟ್ಟು ಒಮ್ಮೆಯೂ ಹಾಕಲಿಲ್ಲ. ಹೋಯ್ತು, ಬಚಾವ್ ಅಂದುಕೊಂಡರು ಗಂಡ. ಆದರೆ ಮನಸ್ಸು ಬಿಡಬೇಕಲ್ಲ! ಶುಕ್ರವಾರದ ಭಜನೆಯಲ್ಲಿ ಆ ಹಾಡು ಶುರುವಾಯಿತು ಅಂದರೆ, ನಾಲ್ಕನೇ ಚರಣಕ್ಕೆ ಸರಿಯಾಗಿ ಸೀತಾರಾಮಯ್ಯ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಆ ಕೊನೆಯ ಚರಣ ಕೇಳುವ ಮುಖ ಅವರಿಗಿರಲಿಲ್ಲ. ವರ್ಷಗಟ್ಟಲೆ ಇದೇ ನೋಡಿ ನೋಡಿ ತುಳಸಮ್ಮ, ಪಾಪ, ಗಂಡನಿಗೆ ಏನೋ ಹೊಟ್ಟೆಯ ಬಾಧೆ ಅಂತ ತಿಳಿದು ಶುಕ್ರವಾರ ಶುಕ್ರವಾರ ಜೀರಿಗೆ ಕಷಾಯ ಕುಡಿಸುತ್ತಿದ್ದರು. ಅವರು ತುಟಿಪಿಟಕ್ಕೆನ್ನದೆ ಕುಡಿಯುತ್ತಿದ್ದರು.

ಎಲ್ಲಾ ಹೀಗೇ ಹೋಗುತ್ತಿತ್ತು, ಅಳಿಯ ಮುಕುಂದ್ ಇಲ್ಲದಿದ್ದರೆ. ಮುಕುಂದ್ ಕೋಲಾರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ, ಹಾಡಿನ ಹುಚ್ಚ. ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸೋದು, ಇಂಟರ್‌ನೆಟ್ಟಿನಲ್ಲಿ ತನ್ನಂಥ ಹುಚ್ಚರ ಗುಂಪಿಗೆ ಹಾಕೋದು, ಅವರು ಹಾಕಿದ್ದನ್ನು ತಾನು ಇಳಿಸಿಕೊಳ್ಳೋದು, ಇದೇ ಅವನ ಭಾನುವಾರ. 2007ರಲ್ಲಿ ಅವನ ಕೈಗೆ ಮದುವೆಯ ಕ್ಯಾಸೆಟ್ಟು ಸಿಕ್ಕಿತು. ಹನ್ನೆರಡೂ ಹಾಡು ಏರಿಸಿದ. ಹೆಸರು ಕೊಡಬೇಕಲ್ಲ, "ಅತ್ತೆ 1", "ಅತ್ತೆ 2" ಅಂತ ಬರೆದ. ಹನ್ನೆರಡನೆಯದು ಅರ್ಧಕ್ಕೇ ನಿಂತದ್ದು ನೋಡಿ ಮಾವನಿಗೆ ಫೋನು ಮಾಡಿದ.

"ಮಾವ, ನಮ್ಮ ಕ್ಯಾಸೆಟ್ಟಲ್ಲಿ ಕೊನೆ ತುಂಡಾಗಿದೆ. ನಿಮ್ಮಲ್ಲಿರೋದು ಒಂದು ಕಳಿಸಿ, ಸರಿ ಮಾಡಿ ಹಾಕ್ತೀನಿ."

ಸೀತಾರಾಮಯ್ಯನವರು ಹೆಂಡತಿ ಹತ್ತಿರದಲ್ಲಿಲ್ಲ ಅಂತ ನೋಡಿಕೊಂಡು ದನಿ ತಗ್ಗಿಸಿದರು. "ಇಲ್ಲಿರೋದೆಲ್ಲ ಬೂಷ್ಟು ಹಿಡಿದು ಹೋಗಿದೆ ಮುಕುಂದ್. ಅಲ್ಲಾ, ಯಾರನ್ನ ಕೇಳಿ ಹಾಕಿದಿರಿ ನೀವು? ಇದು ಕಳ್ಳತನ ಅಲ್ವೇ?"

"ಕಳ್ಳತನ ಏನು ಬಂತು ಮಾವ? ಹಂಚಿದರೆ ಹಾಡೇನು ಸವೆದು ಹೋಗುತ್ತಾ? ಅತ್ತೆ ಹಾಡು ಅಮೆರಿಕಾದಲ್ಲೂ ಕೇಳ್ತಿದ್ದಾರೆ!"

ಅಮೆರಿಕಾದವರು ಕೇಳಿಕೊಳ್ಳಲಿ, ಮುಳಬಾಗಿಲಿಗೆ ಬರದಿದ್ದರೆ ಸಾಕು ಅಂತ ಸೀತಾರಾಮಯ್ಯ ಹರಕೆ ಹೊತ್ತರು. ಆದರೆ ಹಾಡು ನಿಲ್ಲಬೇಕಲ್ಲ. ಆಗ ತಾನೇ ಎಲ್ಲರ ಕೈಗೂ ಮೊಬೈಲು ಬಂದಿತ್ತು, ಅದರೊಳಗೆ ಉಗುರಿನಷ್ಟು ಮೆಮೊರಿ ಕಾರ್ಡು, ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿ ಮೂಲೆಗೊಂದು. ಇಂಟರ್‌ನೆಟ್ಟಿಂದ ಅಂಗಡಿಗೆ, ಅಂಗಡಿಯಿಂದ ಕಾರ್ಡಿಗೆ, ಕಾರ್ಡಿನಿಂದ ಬ್ಲೂಟೂತಿನಲ್ಲಿ ಪಕ್ಕದವರಿಗೆ. ಆರು ತಿಂಗಳಲ್ಲಿ ಹಾಲಿನ ಡೈರಿ, ರೇಷ್ಮೆ ಮಾರ್ಕೆಟ್ಟು, ಟೊಮೇಟೊ ಮಂಡಿ, ಎಲ್ಲಿ ಹೋದರೂ ಏಳೋ ರಾಮಯ್ಯ! ಮುಳಬಾಗಿಲು ದಾಟಿದರೆ ಯಾರು ಹಾಡಿದ್ದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. "ಅತ್ತೆ ಹನ್ನೆರಡು" ಅಂದರೆ ಹಾಕಿಕೊಡುತ್ತಿದ್ದರು.

ತುಳಸಮ್ಮನಿಗೆ ಇದು ತಿಳಿದು ಹಿಗ್ಗೋ ಹಿಗ್ಗು. "ಹಾಡು ಅಂದ್ರೆ ಪ್ರಸಾದ ಇದ್ದ ಹಾಗೆ, ಹಂಚಿದಷ್ಟೂ ಒಳ್ಳೇದು. ನೀವ್ಯಾಕೆ ಹಿಂಗೆ ಎಗರಾಡ್ತೀರಾ? ಅಂಕಿತ ಇದೆಯಲ್ಲ ಕೊನೇಲಿ. ಕೇಳಿದವರಿಗೆ ತಾನಾಗೇ ಗೊತ್ತಾಗುತ್ತೆ."

ಆ ಮಾತು ಕೇಳಿದ ದಿನ ಸೀತಾರಾಮಯ್ಯನವರಿಗೆ ಊಟ ಸೇರಲಿಲ್ಲ. ಹಾಡು ಹೀಗೇ ಹಬ್ಬುತ್ತ ಹೋದರೆ ಇವತ್ತಲ್ಲ ನಾಳೆ ಹೆಂಡತಿಯ ಕಿವಿಗೇ ಬೀಳುತ್ತದೆ, ತಾನು ಹೇಳಿದ್ದು ಸುಳ್ಳು ಅಂತ ಬಯಲಾಗುತ್ತದೆ. ಆಮೇಲೆ ಆಕೆಯ ಮುಖ ನೋಡೋದು ಹೇಗೆ? ಹಾಡನ್ನೇ ನಿಲ್ಲಿಸಬೇಕು, ಬೇರೆ ದಾರಿ ಇಲ್ಲ. ಅವರು ಜಿಲ್ಲಾ ಪತ್ರಿಕೆಗೆ "ಹಾಡುಗಳ್ಳರಿದ್ದಾರೆ ಎಚ್ಚರಿಕೆ" ಅಂತ ಕಾಗದ ಬರೆದರು. ಅದು ಅಚ್ಚಾಯಿತು ಕೂಡ. ಕಲಾವಿದರ ಪರವಾಗಿ ದನಿ ಎತ್ತಿದ್ದಕ್ಕೆ ಒಂದು ಸಂಘದವರು ಮನೆಗೇ ಬಂದು ಶಾಲು ಹೊದಿಸಿದರು. ಶಾಲು ಹೊದ್ದುಕೊಂಡು ಕೂತ ಸೀತಾರಾಮಯ್ಯ ಬೇಸಿಗೆಗೆ ಬೆವರಬೇಕಾದ್ದಕ್ಕಿಂತ ಜಾಸ್ತಿಯೇ ಬೆವತರು.

ಕದಿರೇಶನ ಆಟೋದಲ್ಲಿ ಹಾಡು ಕೇಳಿದ ಮಾರನೇ ದಿನ ಅವರು ಬಸ್ಸು ಹತ್ತಿ ನಂಗಲಿಗೆ ಹೋದರು. ಅಲ್ಲಿನ ವೆಂಕಟ್ ಅನ್ನುವವನ ಅಂಗಡಿಯಿಂದಲೇ ಎಲ್ಲಾ ಕಡೆ ಹೋಗುತ್ತಿದೆ ಅಂತ ಕದಿರೇಶ ಬಾಯಿ ಬಿಟ್ಟಿದ್ದ. ಹೈವೇ ಪಕ್ಕ ಸಾಲಾಗಿ ಲಾರಿಗಳು, ಡಾಬಾ ಮಗ್ಗುಲಿಗೆ ಗೂಡಿನಂಥ ಅಂಗಡಿ, ಒಳಗೊಂದು ಕಂಪ್ಯೂಟರು.

"ಈ ಹಾಡು ಅಳಿಸಿಬಿಡಪ್ಪಾ," ಅಂದರು ಸೀತಾರಾಮಯ್ಯ.

"ಅಯ್ಯೋ ಸಾರ್, ಆ ಪಾಟ ಆಂಧ್ರ ದಾಟಿ ಹೋಗಿ ಎಷ್ಟು ದಿನ ಆಯ್ತು! ನಾನಿಲ್ಲಿ ಅಳಿಸಿದ್ರೆ ಏಮಿ ಪ್ರಯೋಜನ? ಲಾರಿಯವ್ರು ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಇದೇ ಹಾಕೋದು ಸಾರ್. ತೆಲುಗೋರಿಗೂ ಅರ್ಥ ಆಗುತ್ತೆ." ವೆಂಕಟ್ ಸ್ಟೂಲು ಒರೆಸಿ ಕೂರಿಸಿದ. "ಒಂದೇ ತೊಂದ್ರೆ, ಪಾಟಕ್ಕೆ ಬಾಲ ಇಲ್ಲ. ಅದಕ್ಕೇ ಊರೋರು ಊರೋರೇ ಬಾಲ ಹಾಕ್ಕೊಂಡವ್ರೆ. ಶ್ರೀನಿವಾಸಪುರದೋರು ಹಾಡಿ ನಂಗೇ ಕಳಿಸವ್ರೆ, ಕೇಳಿ."

ಕೇಳಿಸಿದ. ಅದೇ ನಾಲ್ಕು ಚರಣ, ಬೇರೆ ಹೆಂಗಸರ ದನಿ. ಆಮೇಲೆ: "ಒಲೆಯು ಯಾತಕೆ ರಾಮ, ಮಾವು ಕೊಯ್ದಿರುವೆ, ರಸಪುರಿ ತಿನ್ನೋಕೆ ರಾಮಯ್ಯ ಏಳೋ!"

ಮಾವಿನ ಊರಿನವರು ರಾಮನಿಗೆ ತಿಂಡಿಯನ್ನೂ ಮಾವಿನಲ್ಲೇ ಮುಗಿಸಿದ್ದರು. ಬೇರೆ ದಿನವಾಗಿದ್ದರೆ ಸೀತಾರಾಮಯ್ಯ ನಕ್ಕಿರುತ್ತಿದ್ದರು. ಇವತ್ತು ತಲೆ ಮೇಲೆ ಕೈ ಹೊತ್ತು ಕೂತರು.

ಇದಾಗಿ ಎರಡು ತಿಂಗಳಿಗೆ ಮಾಲೂರಿನ ಕಲ್ಯಾಣ ಮಂಟಪವೊಂದರಲ್ಲಿ ಜಿಲ್ಲಾ ಮಟ್ಟದ ಭಜನಾ ಸ್ಪರ್ಧೆ ಇಟ್ಟರು. ತುಳಸಮ್ಮನ ಮಂಡಳಿ ಹೆಸರು ಕೊಟ್ಟಿತು. ಸೀತಾರಾಮಯ್ಯನವರಿಗೆ ಜ್ವರ ಬಂತು, ಸೊಂಟ ಹಿಡಿಯಿತು, ಮನೆಗೆ ಬೀಗ ಹಾಕಿ ಹೋಗೋದು ಹೇಗೆ ಅಂತಲೂ ಆಯಿತು. ತುಳಸಮ್ಮ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಕುಂದ್ ಕೋಲಾರದಿಂದ ಕಾರು ತಂದ. ಹೊರಟರು.

ಮೊದಲು ವೇದಿಕೆ ಹತ್ತಿದ್ದು ಮಾಲೂರಿನದೇ ತಂಡ. ಶುರು ಮಾಡಿದ್ದು ಏಳೋ ರಾಮಯ್ಯ! ತುಳಸಮ್ಮನ ಮುಖ ಅರಳಿತು. "ನೋಡಿದ್ರಾ, ನಂದು!" ಅಂತ ಗಂಡನ ತೋಳು ಚಿವುಟಿದರು. ಆ ತಂಡದವರು ನಾಲ್ಕು ಚರಣ ಹಾಡಿ, "ಒಲೆ" ಅಂದು, ತಾಳ ಟಕ್ ಅಂತ ಬಡಿದು, ಕೈ ಮುಗಿದು ಇಳಿದೇ ಹೋದರು.

"ಅಯ್ಯೋ ಪಾಪ, ಮರೆತುಬಿಟ್ರು ಕಣ್ರೀ!" ಅಂದರು ತುಳಸಮ್ಮ.

ಎರಡನೆಯದು ಹೋಳೂರಿನ ತಂಡ. ಮುಂದೆ ನಿಂತವಳು ರಾಮಲಕ್ಷ್ಮಮ್ಮ, ಹಿಪ್ಪುನೇರಳೆ ತೋಟದವಳು, ಗಟ್ಟಿ ಗಂಟಲು. ಅದೇ ಹಾಡು. ಕೊನೆಗೆ, "ಒಲೆಗಿಟ್ಟ ಹಾಲು ಉಕ್ಕುತಿದೆ ಕಾಣೋ, ಹೋಳೂರ ಗುಡಿಯ ರಾಮಯ್ಯ ಏಳೋ!"

ತುಳಸಮ್ಮ ನೆಟ್ಟಗೆ ಕೂತರು. ಮೂಗಿನ ತುದಿ ಕೆಂಪಾಯಿತು. "ನನ್ನ ಅಂಕಿತ ಕಿತ್ತು ತಮ್ಮದು ಹಾಕ್ಕೊಂಡಿದ್ದಾರೆ! ಇವರನ್ನ ಸುಮ್ಮನೆ ಬಿಡಲ್ಲ ನಾನು!" ಅಂದವರೇ, ಕರೆಯೋದೇ ತಡ ವೇದಿಕೆ ಹತ್ತಿ, ಅದೇ ಹಾಡನ್ನು ಇಡೀ ಮಂಟಪಕ್ಕೆ ಕೇಳುವಂತೆ ಎತ್ತಿದರು. ನಾಲ್ಕನೇ ಚರಣಕ್ಕೆ ಸೀತಾರಾಮಯ್ಯ ಎಂದಿನಂತೆ ಎದ್ದು, ಕಾಫಿ ಹುಡುಕಿಕೊಂಡು ಹೊರಗೆ ಹೋದರು.

ಅವರು ಲೋಟ ಹಿಡಿದು ವಾಪಸು ಬರುವಾಗ ತೀರ್ಪು ಹೇಳುತ್ತಿದ್ದರು. ತೀರ್ಪುಗಾರರು ಶ್ರೀರಾಮ್ ಅಂತ, ರಿಟೈರಾದ ಸಂಗೀತ ಮೇಷ್ಟರು. "ಮೊದಲನೇ ಬಹುಮಾನ ಮಾಲೂರಿಗೆ. ಮೂಲಕ್ಕೆ ಒಂದಕ್ಷರವೂ ಸೇರಿಸದೆ ಹಾಡಿದ್ದಾರೆ. ಒಲೆ ಅಂತ ನಿಲ್ಲಿಸೋದರಲ್ಲಿ ಎಂಥಾ ವೈರಾಗ್ಯ ಇದೆ ನೋಡಿ! ಹೋಳೂರಿನವರೂ ಮುಳಬಾಗಿಲಿನವರೂ ಕೊನೆಗೆ ತಮ್ಮ ತಮ್ಮದೇ ಚರಣ ಸೇರಿಸಿದ್ದಾರೆ. ಇದು ತಪ್ಪು. ಮೂಲ ನನ್ನ ಮೊಬೈಲಿನಲ್ಲೇ ಇದೆ."

ತುಳಸಮ್ಮ ಎದ್ದು ನಿಂತರು. "ಸಾರ್, ಈ ಹಾಡು ಕಟ್ಟಿದ್ದು ನಾನು. ನಿಮ್ಮ ಮೊಬೈಲಿನಲ್ಲಿರೋದೂ ನಾನೇ."

ಮೇಷ್ಟರು ನಕ್ಕರು. ಆಗ ತುಳಸಮ್ಮ ಬರೀ ಪಲ್ಲವಿ ಹಾಡಿದರು, ತಾಳ ಇಲ್ಲ, ಮೈಕಿಲ್ಲ. ಅಲ್ಲಿದ್ದ ಒಬ್ಬೊಬ್ಬರೂ ಆ ದನಿ ಕೇಳಿಕೊಂಡೇ ದಿನಾ ಬೆಳಗ್ಗೆ ಎದ್ದವರು. ಮೇಷ್ಟರ ನಗು ಮಾಯವಾಯಿತು. ರಾಮಲಕ್ಷ್ಮಮ್ಮ ದಡಬಡ ಓಡಿಬಂದು ಕಾಲಿಗೆ ಬಿದ್ದಳು.

"ಅಮ್ಮಾ! ಅತ್ತೆ ಅಂದ್ರೆ ನೀವೇನಾ?"

"ಏಳಮ್ಮಾ, ಏಳು. ಮೊದಲು ಇದು ಹೇಳು. ನನ್ನ ಕೊನೇ ಚರಣ ಏನು ಮಾಡಿದೆ?"

"ನಮ್ಗೆ ಬಂದಾಗ್ಲೇ ಬಾಲ ಇರ್ಲಿಲ್ಲ ತಾಯಿ. ಒಲೆ ಅಂದು ನಿಂತೋಗಿತ್ತು. ಅಂಕಿತ ಇಲ್ದಿರೋ ಹಾಡು ದೇವ್ರ ಮುಂದೆ ಹೆಂಗೆ ಹಾಡೋದು ಹೇಳಿ? ಯಾರಿಗಾದ್ರೂ ಗೊತ್ತಿದ್ರೆ ಕೊಡ್ಲಿ ಅಂತ ಒಂದು ತಿಂಗ್ಳು ಕಾದ್ವಿ. ಶ್ರೀನಿವಾಸಪುರಕ್ಕೂ ಹೇಳಿ ಕಳಿಸಿದ್ವಿ. ಅವ್ರು ಅಷ್ಟೊತ್ತಿಗೆ ಮಾವಿನಹಣ್ಣು ಇಟ್ಟು ಮುಗಿಸಿದ್ರು. ಇನ್ನೇನು ಮಾಡೋದು ಅಂತ, ಹಾಲು ಉಕ್ಕಿಸಿದ್ವಿ. ಕದೀಬೇಕು ಅಂತ ಅಲ್ಲಮ್ಮಾ." ಅವಳ ಕಣ್ಣಲ್ಲೂ ನೀರು. ಸೆರಗಿನ ಗಂಟಿನಿಂದ ಮೊಬೈಲು ತೆಗೆದು ಹಾಕಿದಳು.

ಹನ್ನೊಂದು ವರ್ಷದ ಮೇಲೆ ತುಳಸಮ್ಮ ತಮ್ಮ ದನಿ ತಾವು ಕೇಳಿದರು. ಒಂದು, ಎರಡು, ಮೂರು, ನಾಲ್ಕು. ಒಲೆ. ಟಕ್.

"ಮುಕುಂದ್?" ಅಂದರು ತುಳಸಮ್ಮ.

"ಕ್ಯಾಸೆಟ್ಟಿನಲ್ಲೇ ಹಾಗಿತ್ತು ಅತ್ತೆ. ಬಹುಶಃ ಪ್ರತಿ ಮಾಡಿದ ಅಂಗಡಿಯವರು ಎಡವಟ್ಟು ಮಾಡಿರಬೇಕು. ಅಲ್ವಾ ಮಾವ?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಸೀತಾರಾಮಯ್ಯ. ಅಳಿಯ ತನಗೇ ಗೊತ್ತಿಲ್ಲದೆ ಒಳ್ಳೇ ದಾರಿ ತೋರಿಸಿದ್ದ. ಹೌದು ಅಂದರೆ ಮುಗಿಯಿತು, ಆ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹೌದು ಅನ್ನೋಕೆ ಬಾಯಿ ತೆರೆದರು. ಎದುರಿಗೆ ರಾಮಲಕ್ಷ್ಮಮ್ಮ ಕಳ್ಳಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ನೋಡಿ ಅವರ ಬಾಯಿಂದ ಸುಳ್ಳು ಹೊರಡಲಿಲ್ಲ.

"ಅಂಗಡಿಯವರದಲ್ಲ. ನಂದು," ಅಂದರು. "ಆವತ್ತು ಟೇಪು ಮುಗಿದುಹೋಗಿತ್ತು ಕಣೇ. ನೀನು ಕೇಳಿದೆ, ನಾನು ಬಂತು ಅಂದುಬಿಟ್ಟೆ."

ತುಳಸಮ್ಮ ಶುರು ಮಾಡಿದರು ನೋಡಿ! "ಹನ್ನೊಂದು ವರ್ಷ! ಹನ್ನೊಂದು ವರ್ಷ ಹೊಟ್ಟೆ ನೋವು ಅಂತ ಕಷಾಯ ಕಾಸಿಕೊಟ್ಟೆನಲ್ರೀ! ಹಾಡುಗಳ್ಳರು ಅಂತ ಪೇಪರಿಗೆ ಬರೆದ್ರಿ, ಶಾಲು ಬೇರೆ ಹೊದ್ದುಕೊಂಡ್ರಿ! ಇವರೆಲ್ಲ ಇಲ್ಲದ ಬಾಲ ಸೇರಿಸಿದ್ರು. ಇದ್ದದ್ದನ್ನ ಕಿತ್ತವರು ನೀವು!" ಗಂಡನ ಕಡೆ ಬೆರಳು ಚಾಚಿದರು. "ಆ ಚರಣದಲ್ಲಿ ಯಾರಿದ್ದಾರೆ ಅಂತಾದ್ರೂ ಗೊತ್ತೇನ್ರೀ ನಿಮಗೆ?"

"ಇಲ್ಲ," ಅಂದರು ಸೀತಾರಾಮಯ್ಯ. ಅದೂ ನಿಜವೇ.

"ರಾಮಲಕ್ಷ್ಮಮ್ಮಾ, ಆ ಫೋನಲ್ಲಿ ರೆಕಾರ್ಡು ಆಗುತ್ತೇನಮ್ಮಾ? ಹಿಡಿ ಇಲ್ಲಿ."

ರಾಮಲಕ್ಷ್ಮಮ್ಮ ಎರಡೂ ಕೈಯಲ್ಲಿ ಆರತಿ ತಟ್ಟೆಯ ಹಾಗೆ ಫೋನು ಹಿಡಿದಳು. ತುಳಸಮ್ಮ ಅಲ್ಲೇ ನಿಂತು ಪಲ್ಲವಿಯಿಂದ ಹಾಡಿದರು. ನಾಲ್ಕನೇ ಚರಣ ಬಂತು. ಸೀತಾರಾಮಯ್ಯನವರ ಕಾಲು ತಾನಾಗೇ ಹೊರಗೆ ಹೊರಟಿತು, ಅವರು ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡರು.

ಒಲೆಯೂದುತ್ತ ಭಾರತಮ್ಮ ಹಾಡಿದ ಮಟ್ಟು
ಸೊಸೆ ನಾ ಹಾಡುವೆ ನಾಲ್ಕು ಮಾತ ಕೊಟ್ಟು
ಮೂಡಲಬಾಗಿಲ ರಾಮಯ್ಯ ಏಳೋ

ಸೀತಾರಾಮಯ್ಯ ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದರು. ಬೆಳಗಿನ ಹೊಗೆ, ಊದುಗೊಳವೆ, ಉಸಿರು ಎಳೆದುಕೊಳ್ಳುವಾಗ ಮಧ್ಯೆ ಮಧ್ಯೆ ನಿಲ್ಲುವ ಅಮ್ಮನ ಗುನುಗು, ಎಲ್ಲಾ ಒಟ್ಟಿಗೇ ಬಂತು. ಅಮ್ಮನ ಹೆಸರು ಮತದಾರರ ಪಟ್ಟಿ ಬಿಟ್ಟರೆ ಇನ್ನೆಲ್ಲೂ ಬರೆದದ್ದು ಅವರು ನೋಡಿರಲಿಲ್ಲ. ಅದು ಒಂದು ಹಾಡಿನಲ್ಲಿತ್ತು. ತಾವೇ ಹನ್ನೊಂದು ವರ್ಷ ಅದಕ್ಕೆ ಬೆನ್ನು ಹಾಕಿ ಹಿತ್ತಲಲ್ಲಿ ನಿಂತಿದ್ದರು. ಅಷ್ಟು ಜನರೆದುರಿಗೆ ಅವರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ತುಳಸಮ್ಮ ಹತ್ತಿರ ಬಂದು ನಿಂತರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಸೆರಗಿನಿಂದ ಗಂಡನ ಮುಖ ಒರೆಸಿದರು.

"ಪೂರ್ತಿ ಬಂತೇನ್ರೀ?"

ಸೀತಾರಾಮಯ್ಯ ಈ ಸಲ ಕನ್ನಡಕ ಸರಿ ಮಾಡಿಕೊಂಡು, ರಾಮಲಕ್ಷ್ಮಮ್ಮನ ಕೈಯಲ್ಲಿದ್ದ ಫೋನಿನೊಳಗೆ ಬಗ್ಗಿ ನೋಡಿದರು. ಅಂಕಿಗಳು ಇನ್ನೂ ಓಡುತ್ತಿದ್ದವು.

"ಬಂತು ಕಣೇ," ಅಂದರು.

ಆಗಲೇ ರಾಮಲಕ್ಷ್ಮಮ್ಮ ನಿಲ್ಲಿಸುವ ಗುಂಡಿ ಒತ್ತಿದ್ದು. ಹೊಸ ಹಾಡು ಆವತ್ತೇ ಹೊರಟಿತು. ಹೋಳೂರಿನವರು ಮಾಲೂರಿನವರಿಗೆ ಕೊಟ್ಟರು, ಮುಕುಂದ್ ಇಂಟರ್‌ನೆಟ್ಟಿಗೆ ಏರಿಸಿದ. ನಂಗಲಿಯ ವೆಂಕಟ್ ಹಳೇದು ತುಂಬಿಸಿಕೊಂಡವರನ್ನೆಲ್ಲ ಕರೆಕರೆದು, "ಬಾಲ ಸಿಕ್ತು, ಬನ್ನಿ, ಬನ್ನಿ" ಅಂತ ಬಿಟ್ಟಿ ಹಾಕಿಕೊಟ್ಟ. ಶ್ರೀರಾಮ್ ಮೇಷ್ಟರು ಮೂಲ ಮೂಲ ಅಂತ ಇದನ್ನೇ ಕಲಿಸತೊಡಗಿದರು. ಮಾವಿನ ಊರಿನವರು ಮಾತ್ರ ಭಾರತಮ್ಮನ ಚರಣ ಹಾಡಿ, ಆಮೇಲೆ ರಸಪುರಿಯನ್ನೂ ಹಾಡುತ್ತಾರೆ. ಹಾಡಿಕೊಳ್ಳಲಿ ಅಂದರು ತುಳಸಮ್ಮ.

ಆ ವರ್ಷದ ಕೊನೆಗೆ ಒಂದು ದಿನ ಸೀತಾರಾಮಯ್ಯ ಮಗಳ ಮನೆಯಿಂದ ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಕೋಲಾರದ ಮಂಡಿಗೆ ಟೊಮೇಟೊ ಹಾಕಿ ಬಂದ ನಂಗಲಿ ಕಡೆಯ ಹೆಂಗಸರು ಬಸ್ಸಿನ ತುಂಬ, ಖಾಲಿ ಕ್ರೇಟುಗಳು ಕಾಲಡಿ. ಯಾರೋ ಒಬ್ಬಳು ಮೊಬೈಲಿನಲ್ಲಿ ಹಾಡು ಹಾಕಿದಳು. ಏಳೋ ರಾಮಯ್ಯ. ಮುಳಬಾಗಿಲು ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಹಾಡು ಇನ್ನೂ ಮೂರನೇ ಚರಣದಲ್ಲಿತ್ತು. ಸೀತಾರಾಮಯ್ಯ ಕೂತೇ ಇದ್ದರು, ಬಸ್ಸು ಹೊರಟಿತು.

"ಏನ್ ಸಾರ್, ನಿಮ್ಮೂರು ಹಿಂದಾಯ್ತಲ್ಲ!" ಅಂದ ಕಂಡಕ್ಟರು.

"ಗೊತ್ತಪ್ಪಾ. ಇನ್ನೂ ಎರಡು ಚರಣ ಇದೆ. ನಂಗಲಿಗೆ ಒಂದು ಟಿಕೆಟ್ ಕೊಡು."

ಟಿಕೆಟ್ಟು ಹರಿಯುವಷ್ಟರಲ್ಲಿ ಒಲೆ ಬಂತು, ಒಲೆಯ ಹಿಂದೆ ಅಮ್ಮ ಬಂದಳು. ಕಿಟಕಿಯಾಚೆ ಬಂಡೆಗುಡ್ಡ ನೋಡುತ್ತ ಅವರು ಕೊನೆಯವರೆಗೂ ಕೇಳಿದರು. ಹಾಡು ಮುಗಿದು, "ಪೂರ್ತಿ ಬಂತೇನ್ರೀ?" ಅಂತ ತುಳಸಮ್ಮನ ದನಿ ಕೇಳಿತು. ಅದೂ ಹಾಡಿನದೇ ಭಾಗ ಅಂತ ತಿಳಿದಿದ್ದ ಟೊಮೇಟೊ ಹೆಂಗಸರೆಲ್ಲ ರಾಗವಾಗಿ, ಒಂದೇ ಕಂಠದಲ್ಲಿ, "ಬಂತು ಕಣೇ" ಅಂದರು.

ಸೀತಾರಾಮಯ್ಯನವರೂ ಅಂದರು.